ನಡುಗಕೂಡದೆಂಬ ಅಪ್ಪಣೆ

ಬಹುಕಾಲದ ಹಿಂದೆ, ಭೂಪಟ ಬರೆಯುವವರು ಇನ್ನೂ ಹುಟ್ಟಿರದಿದ್ದಾಗ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಅದನ್ನು ಧೀರಸೇನನೆಂಬ ರಾಜ ಆಳುತ್ತಿದ್ದ. ಅವನಿಗೆ ಹೆದರಿಕೆ ಎಂದರೆ ಬಹಳ ಹೆದರಿಕೆ.

ಒಂದು ದಿನ ಗುಡುಗಿದಾಗ ಅವನ ಬಟ್ಟಲಿನ ನೀರು ನಡುಗಿತು. ರಾಜನಿಗೆ ಅವಮಾನವಾಯಿತು. ಮಾಂತ್ರಿಕ ಸ್ತಂಭಕೇತುವನ್ನು ಗುಟ್ಟಾಗಿ ಕರೆಸಿ, "ಇನ್ನು ಅರಮನೆಯ ಯಾವ ಸಾಮಾನೂ ನಡುಗಕೂಡದು" ಎಂದು ಅಪ್ಪಣೆ ಮಾಡಿದ. ಅರಮನೆಯ ನಗಾರಿಯ ಸದ್ದಿನಿಂದ ದಿನವೂ ಮಧ್ಯಾಹ್ನದ ನಿದ್ದೆ ಕೆಟ್ಟು ಬೇಸತ್ತಿದ್ದ ಮಾಂತ್ರಿಕ ಸಂತೋಷದಿಂದ ಸ್ತಂಭನ ಮಂತ್ರ ಹಾಕಿ, ಅರಮನೆಯ ಹಿಂದಿನ ಗುಹೆಗೆ ಹೋಗಿ ಮಲಗಿದ.

ಮರುದಿನ ನಗಾರಿ ನುಡಿಯಲಿಲ್ಲ. ಗಂಟೆ, ವೀಣೆಗಳೂ ಮೂಕವಾದವು. ತಪ್ಪಿತಸ್ಥ ಒಬ್ಬನೇ ಇದ್ದರೆ ವಿಚಾರಣೆ ಬೇಗ ಮುಗಿಯುತ್ತದೆಂದು ಮಂತ್ರಿ ನಗಾರಿ ಬಾರಿಸುವ ದುರುಗಪ್ಪನನ್ನು ಹಿಡಿಸಿದ. ಮೂರು ದಿನದಲ್ಲಿ ನಗಾರಿ ನುಡಿಯದಿದ್ದರೆ ಅವನು ರಾಜ್ಯ ಬಿಡಬೇಕು.

ಅವನ ಮಗಳು ಮಾಳವ್ವ ಸೆರೆಮನೆಗೆ ಓಡಿದಳು. "ಅಪ್ಪಾ, ನಗಾರಿಯ ಚರ್ಮ ಹರಿದಿದೆಯಾ?"

"ಇಲ್ಲ ಮಗಳೇ, ಬಿಗಿಯಾಗೇ ಇದೆ. ಹೊಡೆದರೆ ಬಂಡೆಗೆ ಹೊಡೆದ ಹಾಗಾಗ್ತದೆ."

ಮಾಳವ್ವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನೆಲ್ಲ ಮಾಂತ್ರಿಕನನ್ನೇ ಕೇಳುವುದು ಆ ಊರಿನ ವಾಡಿಕೆ. ಅವಳೂ ಹೊರಟಳು.

ಗುಹೆಯ ಮೊದಲ ಬಾಗಿಲಲ್ಲಿ ಆನೆಯಷ್ಟು ದೊಡ್ಡ ದುಂಬಿ ಗುಂಯ್‌ಗುಡುತ್ತಿತ್ತು. "ನನ್ನ ಬಾಯಿ ಮುಚ್ಚಿದೆ. ಸದ್ದು ಎಲ್ಲಿಂದ ಬರ್ತಿದೆ, ಹೇಳು."

ಮಾಳವ್ವ ರೆಕ್ಕೆ ಮುಟ್ಟಿದಳು. ಅಂಗೈ ಜುಮ್ಮೆಂದಿತು. ರೆಕ್ಕೆ ಅದುಮಿ ಹಿಡಿದಳು, ಸದ್ದು ನಿಂತಿತು. ಬಿಟ್ಟಳು, ಮತ್ತೆ ಬಂತು. "ರೆಕ್ಕೆಯ ನಡುಕದಿಂದ" ಎಂದಳು. ದುಂಬಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು ದವಡೆಯನ್ನು ನೆಲಕ್ಕೊತ್ತಿ, ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. "ನನಗೆ ನಿನ್ನಂಥ ಕಿವಿಯಿಲ್ಲ. ನೀನು ಬಂದದ್ದು ಹೇಗೆ ಗೊತ್ತಾಯ್ತು?"

ಅವಳು ಅಂಗೈಯನ್ನು ನೆಲಕ್ಕೆ ಒತ್ತಿ, ಕಾಲಿನಿಂದ ಧೊಪ್ಪೆಂದು ತುಳಿದಳು. ನೆಲದೊಳಗಿನಿಂದ ಅದುರು ಬಂದು ಕೈಗೆ ತಾಕಿತು. "ನನ್ನ ಹೆಜ್ಜೆಗೆ ನೆಲ ನಡುಗಿತು. ನಡುಕ ಮಣ್ಣಲ್ಲಿ ನಡೆದು ನಿನ್ನ ದವಡೆಗೆ ಬಂತು." ಹಾವು ಸರಿದುಕೊಂಡಿತು.

ಮೂರನೆಯ ಬಾಗಿಲಲ್ಲಿ ಜೇಡವೊಂದು ಎರಡು ಎಳೆ ಕಟ್ಟಿ ಕೂತಿತ್ತು. "ಮೀಟಿದರೆ ಒಂದರ ದನಿ ಗೊಗ್ಗರು, ಇನ್ನೊಂದರದು ಕೀಚಲು. ಯಾಕೆ?"

ಮಾಳವ್ವ ಮೀಟಿ ನೋಡಿದಳು. ದಪ್ಪನೆಯ ಸಡಿಲ ಎಳೆ ನಿಧಾನವಾಗಿ ತೂಗಿತು. ಸಣ್ಣನೆಯ ಬಿಗಿ ಎಳೆ ಕಣ್ಣಿಗೆ ಕಾಣದಷ್ಟು ಬೇಗ ಬೇಗ ನಡುಗಿತು. "ನಿಧಾನಕ್ಕೆ ನಡುಗಿದರೆ ಗೊಗ್ಗರು, ಬೇಗ ನಡುಗಿದರೆ ಕೀಚಲು."

"ಸರಿ, ಹೋಗು" ಎಂದಿತು ಜೇಡ.

ಮೂರೂ ಉತ್ತರ ಸರಿಯಾದದ್ದರಿಂದ ಅವಳ ಗೊಂದಲ ಮೂರು ಪಟ್ಟಾಯಿತು. ಎಲ್ಲ ಕಡೆಯೂ ನಡುಕವೇ! ಅಪ್ಪನ ನಗಾರಿಯ ನಡುಕವನ್ನು ಯಾರು ಕದ್ದರೆಂದು, ಒಳಗೆ ಮಲಗಿದ್ದ ಮಾಂತ್ರಿಕನನ್ನು ಎಬ್ಬಿಸಿ ಕೇಳಿದಳು.

ಮಾಂತ್ರಿಕ ಆಕಳಿಸಿದ. "ಕದ್ದಿಲ್ಲ ಕಣಮ್ಮಾ. ರಾಜನ ಅಪ್ಪಣೆಯಂತೆ ನಿಲ್ಲಿಸಿದೆ."

"ಮತ್ತೆ ನಾವು ಮಾತಾಡ್ತಿದೀವಲ್ಲ?"

"ಮನುಷ್ಯರೂ ಗಾಳಿಯೂ ಅರಮನೆಯ ಸಾಮಾನಿನ ಪಟ್ಟಿಯಲ್ಲಿಲ್ಲ. ರಾಜ ಅಪ್ಪಣೆ ಹಿಂದಕ್ಕೆ ಪಡೆದರೆ ಮಂತ್ರ ಬಿದ್ದುಹೋಗುತ್ತೆ. ಪಡೆಯಲ್ಲ ಬಿಡು. ನಡುಕ ಅಂದ್ರೆ ಪುಕ್ಕಲುತನ ಅಂತ ಅವನ ಲೆಕ್ಕ." ಮಗ್ಗುಲು ಬದಲಿಸಿ ಗೊರಕೆ ಹೊಡೆದ.

ಮೂರನೆಯ ದಿನ ಮಾಳವ್ವ ಸಭೆಯಲ್ಲಿ ನಿಂತಳು. "ಪ್ರಭುಗಳೇ, ಕೊರಳ ಮೇಲೆ ಬೆರಳಿಟ್ಟುಕೊಂಡು 'ನಾನು ನಡುಗುವುದಿಲ್ಲ' ಅನ್ನಬೇಕು."

"ಅದರಲ್ಲೇನು?" ಎಂದು ರಾಜ ಬೆರಳಿಟ್ಟ. "ನಾನು ನಡುಗುವುದಿಲ್ಲ." ಬೆರಳು ಜುಮ್ಮೆಂದಿತು. ಹುಬ್ಬು ಗಂಟಿಕ್ಕಿ ಇನ್ನೂ ಜೋರಾಗಿ ಹೇಳಿದ. ಕೊರಳು ಇನ್ನೂ ಜೋರಾಗಿ ಅದುರಿತು. ಪಿಸುಗುಟ್ಟಿದ. ಅದುರಲಿಲ್ಲ, ಆದರೆ ಪಕ್ಕದಲ್ಲಿದ್ದ ಮಂತ್ರಿಗೂ ಕೇಳಿಸಲಿಲ್ಲ.

"ಇದು ಹೆದರಿಕೆಯೇ?" ಎಂದು ರಾಜ ಕಕ್ಕಾಬಿಕ್ಕಿಯಾಗಿ ಕೇಳಿದ.

"ಅಲ್ಲ ಪ್ರಭು, ದನಿ. ನಗಾರಿಗೂ ಇಷ್ಟೇ ಬೇಕಾದದ್ದು."

ಮಂತ್ರಿ ವಿನಯದಿಂದ ಬಾಗಿದ. "ನಡುಕ ತಪ್ಪೇ ಆದರೆ ಪ್ರಭುಗಳು ಇನ್ನು ಅಪ್ಪಣೆ ಕೊಡುವುದನ್ನೇ ನಿಲ್ಲಿಸಬೇಕಾಗುತ್ತದೆ."

ಅಪ್ಪಣೆ ಕೊಡದೆ ರಾಜ ಒಂದು ದಿನವೂ ಬದುಕಿದವನಲ್ಲ.

"ನಡುಗಲಿ" ಎಂದ.

ದುರುಗಪ್ಪನನ್ನು ಕರೆತಂದರು. ಅವನು ಕೋಲೆತ್ತಿ ಹೊಡೆದ. ಚರ್ಮ ನಡುಗಿತು, ಗಾಳಿ ನಡುಗಿತು, ಸಭೆಯವರೆಲ್ಲರ ಕಿವಿಯೊಳಗಿನ ತೆಳು ಪೊರೆ ನಡುಗಿತು. ಅಪ್ಪ ಮಗಳು ನಕ್ಕರು. ನಿದ್ದೆಗೆಟ್ಟ ಮಾಂತ್ರಿಕ ಗಂಟುಮೂಟೆ ಕಟ್ಟಿ ಪಕ್ಕದ ರಾಜ್ಯಕ್ಕೆ ಹೋದ. ಅಲ್ಲಿ ಮೂರು ನಗಾರಿಗಳಿದ್ದವು.

ಕಂಚಿನಕೋಟೆಯವರು ಅಂದಿನಿಂದ ರಾಜ ಮಂತ್ರಿ ಸಮೇತ ನಡುಗುತ್ತಾ, ಸುಖವಾಗಿ ಬಾಳಿದರು.