ಅರ್ಧಕ್ಕೆ ಬಿಟ್ಟ ಬೀಸೋ ಪದ

ಬಹಳ ಹಿಂದೆ, ಕಲ್ಲಿಗೂ ಕಿವಿ ಇದ್ದ ಕಾಲದಲ್ಲಿ, ಕೆಂಗಿರಿ ಅಂತ ಒಂದು ರಾಜ್ಯ ಇತ್ತು. ಅದಕ್ಕೊಬ್ಬ ರಾಜ ಇದ್ದ. ಇದ್ದ ಅಂದರೆ ಇದ್ದ, ಅಷ್ಟೆ. ಆಳುತ್ತಿದ್ದವನು ಮಂದಾರಕನೆಂಬ ಮಾಂತ್ರಿಕ. ಅವನ ಹತ್ತಿರ ಒಂದು ಕಂಚಿನ ಬಟ್ಟಲಿತ್ತು. ಅದರ ಅಂಚನ್ನು ಕೋಲಿನಿಂದ ಉಜ್ಜಿದರೆ ಗುಂಯ್ ಎಂದು ನಾದ ಹೊರಡುತ್ತಿತ್ತು. ಕೇಳಿದವರ ದಣಿವು, ಚಿಂತೆ, ಸಿಟ್ಟು ಎಲ್ಲ ಕರಗುತ್ತಿತ್ತು. ಒಳ್ಳೆಯದೇ ಅಲ್ಲವೇ ಅನ್ನುತ್ತೀರಾ? ತಡೀರಿ.

ಹೊಲ ಕಿತ್ತುಕೊಂಡರು ಅಂತ ಯಾರಾದರೂ ಅಳುತ್ತಾ ಬಂದರೆ ಮಂದಾರಕ ಬಟ್ಟಲು ಉಜ್ಜುತ್ತಿದ್ದ. "ಉಸಿರು ಎಳಕೊಳ್ಳಪ್ಪಾ, ಬಿಡು. ಹಗುರಾಯಿತಾ?" ಹಗುರಾಗುತ್ತಿತ್ತು! ಹೊಲ ಕಳ್ಳನ ಕೈಯಲ್ಲೇ ಇರುತ್ತಿತ್ತು, ಇವನು ನಗುತ್ತಾ ಮನೆಗೆ ಹೋಗುತ್ತಿದ್ದ. ಥೂ, ಅಂಥ ನೆಮ್ಮದಿಗೆ ಬೆಂಕಿ ಬೀಳಲಿ! ಅಷ್ಟಕ್ಕೇ ಬಿಟ್ಟನೇ? ಗಟ್ಟಿಮುಟ್ಟಾದವರನ್ನು ತನ್ನ ಗೋಪುರ ಕಟ್ಟಲು ಎಳೆದೊಯ್ಯುತ್ತಿದ್ದ. ಅವರು ಆ ನಾದ ಕೇಳುತ್ತಾ ಕೇಳುತ್ತಾ ನಗುಮುಖದಲ್ಲೇ ಕಲ್ಲಾಗುತ್ತಿದ್ದರು. ಆ ಕಲ್ಲನ್ನೇ ಗೋಡೆಗೆ ಇಡುತ್ತಿದ್ದ, ಪಾಪಿ.

ಅದೇ ರಾಜ್ಯದ ಒಂದು ಹಳ್ಳಿಯಲ್ಲಿ ದುಂಡವ್ವ ಇದ್ದಳು. ಅವಳಿಗೆ ತನ್ನವರು ಅಂತ ಇದ್ದವನು ಒಬ್ಬನೇ ತಮ್ಮ, ಮದುವೆ ವಯಸ್ಸಿನ ಭರಮ. ಆ ಸೀಮೆಯಲ್ಲಿ ಒಂದು ಪದ್ಧತಿ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣು ಪದ ಕಟ್ಟಿ ಯಾರನ್ನು ಬೇಕಾದರೂ ಬೈಯಬಹುದು, ಗಂಡನನ್ನು, ಅತ್ತೆಯನ್ನು, ರಾಜನನ್ನೂ. ಯಾರೂ ಮುನಿಯುವಂತಿಲ್ಲ. ಆದರೆ ಏಳುವ ಮೊದಲು ಅದೇ ಬಾಯಿಂದ ಹರಸುವ ಪದ ಹಾಡಲೇಬೇಕು. ಒಂದು ಬೆಳಗ್ಗೆ ದುಂಡವ್ವ ತಮ್ಮನ ಸೋಮಾರಿತನವನ್ನು ಚೆನ್ನಾಗಿ ಬೈದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಹರಸದೆ ಎದ್ದುಬಿಟ್ಟಳು. ಮುಖ ಊದಿಸಿಕೊಂಡು ಹೊರಗೆ ಹೋದ ಭರಮ ಮಂದಾರಕನ ಕೈಗೆ ಸಿಕ್ಕಿಬಿದ್ದ.

"ನನ್ನ ತಮ್ಮನ್ನ ಕಲ್ಲು ಮಾಡ್ತಾನಂತ! ಅವನ ಮನಿ ಹಾಳಾಗ!" ದುಂಡವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು, ಬೀಸುವ ಕಲ್ಲನ್ನೇ ತಲೆಮೇಲೆ ಹೊತ್ತು ಹೊರಟಳು.

ಅರಮನೆಯ ಮೊದಲ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಬೆಕ್ಕು ಮಲಗಿತ್ತು. ಅದರ ಗುರುಗುರು ಸದ್ದಿಗೆ ದುಂಡವ್ವನ ಕಣ್ಣು ಎಳೆಯಿತು. ಕಲ್ಲು ಇಳಿಸಿದಳು, ಜೋಳ ಹಾಕಿದಳು, ಬೀಸಿದಳು:

"ಕಲ್ಲು ತಿರುಗಲಿ ತಾಯಿ, ಸೊಲ್ಲು ಉಕ್ಕಲಿ ತಾಯಿ,
ಸುಳ್ಳನ ಗಂಟಲಾಗ ಮುಳ್ಳು ನೆಡಲಿ!"

ಬೆಕ್ಕು ಬೆಚ್ಚಿ, ಮರಿಯಷ್ಟಾಗಿ ಓಡಿತು.

ಎರಡನೆಯ ಬಾಗಿಲಲ್ಲಿ ಜೇನುಹುಳುಗಳು ತೀರಿಹೋದ ಅವ್ವನ ದನಿಯಲ್ಲಿ ಜೋಗುಳ ಹಾಡಿದವು. "ಸಾಕು ಮಗಳ, ದಣದಿ. ಮಲಕೋ." ದುಂಡವ್ವ ಗೊಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಮ್ಮನ್ನ ಕಳಕೊಂಡು ಮಲಕೋ ಅನ್ನಾಕಿ ನಮ್ಮವ್ವ ಅಲ್ಲ!" ಎಂದು ಮತ್ತೆ ಬೀಸಿದಳು, ಮತ್ತೆ ಬೈದಳು. ಹುಳುಗಳು ಚದುರಿಹೋದವು.

ಮೂರನೆಯದು ರಾಜಸಭೆ. ರಾಜ ನಗುತ್ತಿದ್ದ, ಮಂತ್ರಿ ನಗುತ್ತಿದ್ದ, ಕೈಕಟ್ಟಿ ನಿಂತ ಜನರೂ ನಗುತ್ತಿದ್ದರು. ಮೂಲೆಯಲ್ಲಿ ಭರಮ, ಕುತ್ತಿಗೆಯ ತನಕ ಕಲ್ಲಾಗಿ ನಗುತ್ತಿದ್ದ. ದುಂಡವ್ವ ಸಿಟ್ಟಿನಿಂದ ಕಲ್ಲನ್ನು ದಢ್ಢನೆ ಇಳಿಸಿ ಜೋಳ ಹಾಕಿದಳು.

"ಬಾ ತಾಯಿ," ಎಂದ ಮಂದಾರಕ, "ಇಷ್ಟು ಸಿಟ್ಟು ದೇಹಕ್ಕೆ ಒಳ್ಳೆಯದಲ್ಲ." ಗುಂಯ್ ಎಂದಿತು ಬಟ್ಟಲು. ದುಂಡವ್ವನ ಕೈ ಸಡಿಲಾಯಿತು. ಯಾಕೆ ಬಂದೆ ಅನ್ನುವುದೇ ಮರೆಯತೊಡಗಿತು. ಆದರೆ ಕೈಗೆ ಅಭ್ಯಾಸ ಇತ್ತಲ್ಲ, ಕಲ್ಲು ತಾನೇ ತಿರುಗಿತು. ಘರ್, ಘರ್. ಆ ಸದ್ದಿಗೆ ಬಾಯಿ ತಾನೇ ತೆರೆಯಿತು. ಅವಳು ಒಂದು ಸೊಲ್ಲು ಹಾಡಿದಳು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ರೂಢಿಯಂತೆ ಮುಂದಿನ ಸೊಲ್ಲು ಹಿಡಿದಳು: ನನ್ನ ಹೊಲ ಕೊಡೋ ಕಳ್ಳಾ! ಇನ್ನೊಬ್ಬಳು: ನನ್ನ ಗಂಡನ್ನ ಕೊಡೋ! ಅದುಮಿಟ್ಟಿದ್ದ ಸಿಟ್ಟೆಲ್ಲ ಹೊರಗೆ ಬಂತು. ಸಭೆಯೇ ಹಾಡಿತು. ಬಟ್ಟಲು ಠಣ್ ಎಂದು ಸೀಳಿತು. ಮಂದಾರಕ ಸಣ್ಣಗಾದ, ಇನ್ನೂ ಸಣ್ಣಗಾದ, ಸೊಳ್ಳೆಯಾಗಿ ಗುಂಯ್ ಅನ್ನುತ್ತಾ ಹಾರಿಹೋದ.

ಆದರೆ ಭರಮ ಕಲ್ಲಾಗಿಯೇ ಇದ್ದ. ದುಂಡವ್ವ ಬೈದಳು, ಕೂಗಿದಳು, ಎದೆಗೆ ಗುದ್ದಿದಳು. ಕೈ ನೊಂದಿತೇ ಹೊರತು ಕಲ್ಲು ಅಲುಗಲಿಲ್ಲ. ಆಗ ನೆನಪಾಯಿತು. ಕೊನೆಯ ಹಿಡಿ ಜೋಳ ಹಾಕಿ, ಮೆಲ್ಲಗೆ ಬೀಸಿದಳು:

"ಕಾಳೆಲ್ಲ ಹಿಟ್ಟಾತು, ಕೋಪೆಲ್ಲ ತಣಿದ್ಹೋತು,
ಬೈದ ಬಾಯಿಂದ ಹರಸೇನ ತಮ್ಮಯ್ಯ,
ಬಾ ನಿನ್ನ ಬುತ್ತಿ ಬಿಸಿಯೈತಿ."

ಕಲ್ಲಿನ ಎದೆ ಏರಿತು, ಇಳಿಯಿತು. ಗೋಡೆಯೊಳಗಿನ ಕಲ್ಲುಗಳೂ ಮನುಷ್ಯರಾಗಿ ಎದ್ದು ಬಂದವು, ಗೋಪುರ ಕುಸಿಯಿತು. ರಾಜ ನಗು ನಿಲ್ಲಿಸಿ, ತಲೆ ತಗ್ಗಿಸಿ, ಅವರವರ ಹೊಲ ಅವರವರಿಗೆ ಕೊಡಿಸಿದ. ಅವತ್ತು ಊರಿಗೆ ಊರೇ ಹಾಯಾಗಿ ನಿದ್ದೆ ಮಾಡಿತು. ಆಮೇಲೂ ಎಲ್ಲರೂ ಸುಖವಾಗಿದ್ದರು, ದಿನಾ ಜಗಳ ಆಡಿಕೊಂಡು. ಇವತ್ತಿಗೂ ಕಿವಿಯ ಹತ್ತಿರ ಗುಂಯ್ ಅಂದರೆ ಅವನೇ, ಬಡಿಯಿರಿ.

ಮತ್ತೆ ಭರಮ? ಕಣ್ಣು ಬಿಟ್ಟವನೇ ಅಕ್ಕನನ್ನು ದುರುಗುಟ್ಟಿ ನೋಡಿದ. "ಅಷ್ಟು ಬೈದು, ಹರಸದ ಎದ್ದೆಲ್ಲಕ್ಕಾ!"

"ಹಾಲು ಉಕ್ಕಿತ್ತೋ, ಮೂಳಾ," ಎಂದು ದುಂಡವ್ವ ಅವನನ್ನು ಬಿಗಿಯಾಗಿ ತಬ್ಬಿಕೊಂಡಳು.