ಐದು ಜನರ ಕ್ಲಾಸು

"ಇಲ್ಲೊಂದು ಸೈನ್ ಹಾಕು, ಅಷ್ಟೇ," ಎಂದರು ಆಫೀಸಿನ ಮೇಡಂ.

ಗಡಿಬಿಡಿ ನಿಂತಲ್ಲೇ ಬಗ್ಗಿ ಸೈನ್ ಹಾಕಿದಳು. ಫಾರ್ಮಿನಲ್ಲಿ ಏನಿದೆ ಎಂದು ಪೂರ್ತಿ ಓದಲೂ ಇಲ್ಲ. ಆ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ ಬಿಡಿ.

ಅವಳು ಓದುತ್ತಿದ್ದದ್ದು ಒಂದು ಇಂಟರ್‌ನ್ಯಾಷನಲ್ ಸ್ಕೂಲಿನ ಸಿಕ್ಸ್ತ್ ಫಾರ್ಮ್‌ನಲ್ಲಿ. ಆರನೇ ಕ್ಲಾಸು ಅಂದುಕೊಂಡು ಮೋಸಹೋಗಬೇಡಿ. ಶಾಲೆಯ ಕೊನೆಯ ಎರಡು ವರ್ಷಕ್ಕೆ ಅಲ್ಲಿ ಆ ಹೆಸರು. ಯೂನಿಫಾರ್ಮ್ ಇಲ್ಲ, ನಡುನಡುವೆ ಫ್ರೀ ಪೀರಿಯಡ್ ಇದೆ, ಕೂರಲು ಸೋಫಾ ಹಾಕಿದ ಕಾಮನ್ ರೂಮ್ ಇದೆ. ಕೇಳಲಿಕ್ಕೆ ಸ್ವರ್ಗ. ಓದು ಮಾತ್ರ ಸೊಂಟ ಮುರಿಯುತ್ತದೆ. ಮೊದಲು ನಾಲ್ಕು ಸಬ್ಜೆಕ್ಟ್ ತೆಗೆದುಕೊಳ್ಳಬೇಕು. ಎರಡು ತಿಂಗಳಾದ ಮೇಲೆ ಭಾರವೆನಿಸಿದರೆ ಒಂದನ್ನು ಬಿಡಬಹುದು.

ಗಡಿಬಿಡಿಗೆ ಮ್ಯಾಥ್ಸ್ ಟೆಸ್ಟಿನಲ್ಲಿ ನೂರಕ್ಕೆ ಮೂವತ್ತೊಂದು ಬಂದಿತ್ತು. ಅಪ್ಪ ಬೈಯಲಿಲ್ಲ. ಪೇಪರನ್ನು ಎರಡು ಸಲ ಮಗುಚಿ ನೋಡಿ, ಟೇಬಲ್ ಮೇಲಿಟ್ಟು ಒಳಗೆ ಹೋದರು. ಬೈದಿದ್ದರೇ ವಾಸಿ ಅನ್ನಿಸಿತು ಅವಳಿಗೆ. ಮ್ಯಾಥ್ಸಿಗೆ ಹೊತ್ತು ಬೇಕು ಎಂದು ಮರುದಿನವೇ ಆ ಫಾರ್ಮಿಗೆ ಸೈನ್ ಹಾಕಿ ಜಿಯೋಗ್ರಫಿ ಬಿಟ್ಟಳು.

ಜಿಯೋಗ್ರಫಿ ಕ್ಲಾಸಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಭೂಪಟ. ಮೂರು ವರ್ಷದ ಗೆಳತಿ. ನೋಟ್‌ಬುಕ್ಕಿನ ಅಂಚಿನ ತುಂಬ ನದಿಗಳನ್ನೇ ಬಿಡಿಸುತ್ತಿದ್ದಳಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಮುಂದೆ ಕಾಲೇಜಿನಲ್ಲಿ ನದಿಗಳ ಬಗ್ಗೆಯೇ ಓದುವುದು ಎಂದು ಅವಳು ಚಿಕ್ಕಂದಿನಿಂದ ಹಟ ಹಿಡಿದಿದ್ದಳು. ಅದಕ್ಕೆ ಜಿಯೋಗ್ರಫಿಯಲ್ಲಿ ಒಳ್ಳೆಯ ಮಾರ್ಕ್ಸ್ ಬೇಕೇ ಬೇಕು.

ಎರಡು ದಿನ ಬಿಟ್ಟು ಕಾಮನ್ ರೂಮಿನಲ್ಲಿ ಸುದ್ದಿ ಗೊತ್ತಾಯಿತು. ಒಂದು ಕ್ಲಾಸು ನಡೆಯಬೇಕಾದರೆ ಕಡಿಮೆಯೆಂದರೆ ಐದು ಜನ ಇರಬೇಕಂತೆ. ಜಿಯೋಗ್ರಫಿಯಲ್ಲಿ ಇದ್ದದ್ದೇ ಐದು ಜನ. ಈಗ ನಾಲ್ವರಾದರು, ಕ್ಲಾಸು ಮುಚ್ಚಿತು.

ಗಡಿಬಿಡಿ ಬ್ಯಾಗನ್ನು ಅಲ್ಲೇ ಎಸೆದು ಆಫೀಸಿಗೆ ಓಡಿದಳು. ಸೈನ್ ವಾಪಸ್ ತೆಗೆದುಕೊಳ್ಳುತ್ತೇನೆ, ಐದು ಸಬ್ಜೆಕ್ಟ್ ಕೊಟ್ಟರೂ ಓದುತ್ತೇನೆ ಎಂದು ಅಂಗಲಾಚಿದಳು. ಮೇಡಂ ಪಾಪ ಒಳ್ಳೆಯವರು, ಕಂಪ್ಯೂಟರ್ ತೆರೆದು ತೋರಿಸಿದರು. ಉಳಿದ ಮೂವರು ಆಗಲೇ ಬೇರೆ ಬೇರೆ ಕ್ಲಾಸಿಗೆ ಸೇರಿದ್ದರು. ಜಿಯೋಗ್ರಫಿ ಸರ್ ಇನ್ನು ಮೇಲೆ ಚಿಕ್ಕ ಮಕ್ಕಳಿಗಷ್ಟೇ ಪಾಠ ಮಾಡುತ್ತಾರೆ. ಭೂಪಟ ಮಾತ್ರ ತಾನೇ ಓದಿಕೊಂಡು ಪರೀಕ್ಷೆ ಬರೆಯುತ್ತೇನೆ ಎಂದಿದ್ದಳು. ಸರ್ ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಸಹಾಯ ಮಾಡುವುದಾಗಿ ಒಪ್ಪಿದ್ದರು.

ಭೂಪಟ ಲೈಬ್ರರಿಯ ಕಿಟಕಿ ಪಕ್ಕ ಒಬ್ಬಳೇ ಕೂತಿದ್ದಳು.

"ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ ಕಣೇ," ಎಂದಳು ಗಡಿಬಿಡಿ.

"ಗೊತ್ತು."

"ಬೈದಾದ್ರೂ ಬಿಡು."

ಭೂಪಟ ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿದಳು. "ಮ್ಯಾಥ್ಸ್ ಕಷ್ಟ ಅಂದಿದ್ರೆ ನಾನೇ ಹೇಳಿಕೊಡ್ತಿದ್ದೆ. ಒಂದು ಮಾತು ಕೇಳಲಿಲ್ಲ ನೀನು," ಎಂದಳು. ಪುಸ್ತಕ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಳು.

ಮೂರು ವಾರ ಇಬ್ಬರೂ ಮಾತಾಡಲಿಲ್ಲ. ಆ ನಡುವೆ ಗಡಿಬಿಡಿಗೆ ಮ್ಯಾಥ್ಸಿನಲ್ಲಿ ಅರವತ್ತೆರಡು ಬಂತು. ಅಪ್ಪ ಬೆನ್ನು ತಟ್ಟಿದರು. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಸೇತುವೆ ದಾಟುವಾಗ ಕೆಳಗೆ ತೊರೆಯಲ್ಲಿ ಭೂಪಟ ಕಂಡಳು. ಮೊಣಕಾಲಿನವರೆಗೆ ಪ್ಯಾಂಟ್ ಮಡಚಿ, ನೀರಿನ ನಡುವೆ ಅಳತೆಕೋಲು ಊರಿ ಆಳ ನೋಡುತ್ತಿದ್ದಳು. ಪರೀಕ್ಷೆಗೆ ಅದೂ ಒಂದು ಕೆಲಸ. ಇಬ್ಬರು ಮಾಡುವಂಥದ್ದು; ಒಬ್ಬರು ಅಳೆದು ಹೇಳಬೇಕು, ಇನ್ನೊಬ್ಬರು ದಡದಲ್ಲಿ ಕೂತು ಬರೆಯಬೇಕು. ಭೂಪಟ ಪ್ರತಿ ಸಲವೂ ದಡಕ್ಕೆ ಬಂದು, ಕೈ ಒರೆಸಿಕೊಂಡು, ಬರೆದು, ಮತ್ತೆ ನೀರಿಗೆ ಇಳಿಯುತ್ತಿದ್ದಳು. ಚಳಿಗೆ ಅವಳ ತುಟಿ ನಡುಗುತ್ತಿತ್ತು.

ಗಡಿಬಿಡಿ ದಡಕ್ಕೆ ಇಳಿದು ಹೋದಳು. ಭೂಪಟ ಬರೆಯುತ್ತಿದ್ದ ಪುಸ್ತಕ ಗಡಿಬಿಡಿಯ ಕಾಲ ಬಳಿಯೇ, ಕಲ್ಲಿನ ಮೇಲೆ ತೆರೆದುಕೊಂಡಿತ್ತು. ಕೈ ತಾನಾಗಿ ಮುಂದೆ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಾನು ಬರೀಲಾ?" ಎಂದು ಕೇಳಿದಳು.

ಭೂಪಟ ತಿರುಗಿ ನೋಡಿದಳು. ಕೋಲನ್ನು ಎತ್ತಿ, ಇನ್ನೊಂದು ಕಡೆ ಊರಿದಳು.

"ಇವತ್ತು ಬೇಡ," ಎಂದಳು ಕೊನೆಗೆ.

"ಸರಿ," ಎಂದಳು ಗಡಿಬಿಡಿ.

ಅವಳಿಗೆ ಅಳು ಉಕ್ಕಿ ಬಂತು. ಆದರೂ ಹೊರಟು ಹೋಗಲಿಲ್ಲ. ಪುಸ್ತಕದಿಂದ ಸ್ವಲ್ಪ ದೂರ ಸರಿದು, ಭೂಪಟ ಬಂದು ಬರೆಯಲು ಜಾಗ ಬಿಟ್ಟು ಕೂತಳು.