ಹುಣಸಗಿಗೆ ಹೋದ ಜೇನುಪೆಟ್ಟಿಗೆಗಳು

"ಏ, ನಿಲ್ರಿ! ಬೆಂಕಿ ಹಚ್ಚಬ್ಯಾಡ್ರಿ!"

ಶಹಾಪುರ ಬಸ್ ಸ್ಟ್ಯಾಂಡಿನ ಎದುರು ನೆರೆದಿದ್ದ ಗುಂಪು ಒಮ್ಮೆಲೇ ತಿರುಗಿ ನೋಡಿತು. ಹೆಗಲಿಗೆ ಆಫೀಸಿನ ಬ್ಯಾಗು, ಕೈಯಲ್ಲಿ ಹಣ್ಣಿನ ಅಂಗಡಿಯಿಂದ ಕಸಿದುಕೊಂಡು ಬಂದ ಖಾಲಿ ರಟ್ಟಿನ ಡಬ್ಬಿ. ಹುಡುಗಿಯೊಬ್ಬಳು ಜನರನ್ನು ತಳ್ಳಿಕೊಂಡು ಓಡಿ ಬರುತ್ತಿದ್ದಳು.

ಅವಳೇ ಪರಿಮಳಾ. ಶಹಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ.

ತರಕಾರಿ ತುಂಬಿದ ಗೂಡ್ಸ್ ಗಾಡಿಯ ಕನ್ನಡಿಗೆ ಜೇನುಹುಳಗಳು ಕೊಡದಷ್ಟು ದಪ್ಪ ಗೊಂಚಲಾಗಿ ಜೋತುಬಿದ್ದಿದ್ದವು. ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿಕೊಂಡು ಒಬ್ಬ ಯುವಕ ನಿಂತಿದ್ದ. ಸುತ್ತಲೂ ಹತ್ತಾರು ಮೊಬೈಲುಗಳು ವಿಡಿಯೋ ಹಿಡಿಯುತ್ತಿದ್ದವು.

"ಗಾಡಿ ನಂದ್ರಿ!" ಎಂದ ಅವನು. "ಟೊಮೆಟೊ ಮಾರ್ಕೆಟ್ಟಿಗೆ ಮುಟ್ಟಬೇಕು. ಎರಡು ತಾಸಾತು, ಬಾಗ್ಲ ತೆಗೀಲಿಕ್ಕೆ ಆಗವಲ್ದು!"

"ಹತ್ತು ನಿಮಿಷ ಕೊಡ್ರಿ. ಒಂದೂ ಸಾಯಬಾರ್ದು."

"ಕಡದ್ರ?"

"ಹೊಸಾ ಮನಿ ಹುಡುಕಾಕ ಹೊಂಟಾವ್ರಿ ಅವು. ಹೊಟ್ಟಿ ತುಂಬ ಜೇನು ಕುಡದಾವ, ಸಿಟ್ಟು ಕಮ್ಮಿ ಇರ್ತದ. ಈ ಡಬ್ಬಿ ಕೆಳಗ ಹಿಡೀರಿ."

"ನಾನಾ?!"

"ಮತ್ತ ಗಾಡಿ ಯಾರದು?"

ಗುಂಪು ನಕ್ಕಿತು. ಅವನು ಕೋಲು ಬಿಸಾಕಿ, ಗೊಂಚಲಿನ ಕೆಳಗೆ ಡಬ್ಬಿ ಹಿಡಿದ. ಪರಿಮಳಾ ಕನ್ನಡಿಯನ್ನು ಒಮ್ಮೆ ಜೋರಾಗಿ ಅಲುಗಿಸಿದಳು. ಧೊಪ್ ಎಂದು ಇಡೀ ಗೊಂಚಲು ಡಬ್ಬಿಗೆ ಬಿತ್ತು! ನೂರಾರು ಹುಳಗಳು ಇಬ್ಬರ ತಲೆಯ ಸುತ್ತ ಗುಂಯ್‌ಗುಟ್ಟಿದವು. ಜನ ಕಿರುಚಿ ಚದುರಿದರು.

ಅವನು ಕಣ್ಣು ಮುಚ್ಚಿಕೊಂಡಿದ್ದ. ಹಣೆಯ ಮೇಲೆ ಬೆವರು. ಆದರೆ ಡಬ್ಬಿ ಬಿಟ್ಟಿರಲಿಲ್ಲ.

'ಹೆದರಿ ನೀರಾಗಿದ್ದಾನೆ... ಆದರೂ ಓಡಲಿಲ್ಲ!' ಪರಿಮಳಾಳಿಗೆ ಯಾಕೋ ಖುಷಿಯಾಯಿತು.

"ಕಣ್ಣು ತೆಗೀರಿ. ರಾಣಿ ಒಳಗ ಬಿದ್ದಾಳ, ಉಳಿದಾವ ತಾವೇ ಬರ್ತಾವ. ನಿಮ್ಮ ಹೆಸರೇನ್ರಿ?"

"ಶ್ರೀಮಂತ." ಅವಳು ಗಾಡಿಯ ಕಡೆ ನೋಡಿದ್ದನ್ನು ಕಂಡು ನಾಚಿ ಸೇರಿಸಿದ, "ಹೆಸರಷ್ಟ ರಿ!"

ಅವಳು ಬಾಯಿ ತುಂಬ ನಕ್ಕಳು. ಆ ನಗು ಕಂಡ ಶ್ರೀಮಂತನಿಗೆ ಟೊಮೆಟೊ, ಮಾರ್ಕೆಟ್ಟು, ಎಲ್ಲಾ ಮರೆತೇ ಹೋಯಿತು.

ಆ ಜೇನನ್ನು ಅವನ ಗಾಡಿಯಲ್ಲೇ ಅವಳ ಮನೆಗೆ ಸಾಗಿಸಿದರು. ಊರಂಚಿನ ಬಾಡಿಗೆ ಮನೆ. ಹಿತ್ತಲಲ್ಲಿ ಮೂರು ಜೇನುಪೆಟ್ಟಿಗೆ. ಅಂದಿನಿಂದ ನಾಲ್ಕಾದವು.

*

ಆಮೇಲೆ ಶ್ರೀಮಂತನಿಗೆ ಶಹಾಪುರದಲ್ಲಿ ದಿನಾ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು!

ಅಕ್ಟೋಬರ್ ಕೊನೆಗೆ ಜೇನು ತೆಗೆಯುವ ದಿನ ಬಂತು. ಅವಳು ಜೇನುತಟ್ಟಿನ ಮೇಲಿನ ಮೇಣದ ಪದರವನ್ನು ಚಾಕುವಿನಿಂದ ಸವರಿ ಕೊಟ್ಟರೆ, ಅವನು ತಟ್ಟುಗಳನ್ನು ಜೇನು ತೆಗೆಯುವ ಡ್ರಮ್ಮಿನೊಳಗಿಟ್ಟು ಹಿಡಿಕೆ ತಿರುಗಿಸುತ್ತಿದ್ದ. ನಲ್ಲಿಯಿಂದ ಮೊದಲ ಎಳೆ ಇಳಿದಾಗ ಇಬ್ಬರೂ ಒಟ್ಟಿಗೇ ಕೂಗಿದರು.

"ಬಂತು! ಬಂತು!"

ಸೋಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗಳಿಗೆ ತುಂಬಿ, ಅವಳು ಚೀಟಿ ಅಂಟಿಸಿದಳು: 'ಎಳ್ಳಿನ ಹೂವು, ಅಕ್ಟೋಬರ್'. ಕಟ್ಟೆಯ ಮೇಲೆ ಸಾಲಾಗಿಟ್ಟ ಬಾಟಲಿಗಳಲ್ಲಿ ಬಿಸಿಲು ಹೊಳೆಯಿತು.

"ಇಷ್ಟೂ ಹಂಚ್ತೀರಾ?" ಅವನಿಗೆ ನಂಬಿಕೆಯಾಗಲಿಲ್ಲ.

"ಹೂಂ. ಸೈದಾಪುರದಿಂದ ಇಲ್ಲಿಗೆ ವರ್ಗ ಆಗಿ ಬಂದಾಗ ನನಗ ಒಬ್ಬರೂ ಗೊತ್ತಿರಲಿಲ್ರಿ. ಆರು ತಿಂಗಳು ಯಾರ ಜೋಡಿನೂ ಮಾತಿಲ್ಲ. ಮೊದಲನೇ ಸಲ ಜೇನು ಬಂದಾಗ ಬಾಟ್ಲಿ ಹಿಡ್ಕೊಂಡು ಓಣಿಯ ಎಲ್ಲಾ ಮನಿ ಬಾಗ್ಲ ಬಡದೆ. ಒಬ್ಬೊಬ್ಬರೂ ಒಳಗ ಕರದು ಚಾ ಕೊಟ್ಟರು. ಈ ಓಣಿ ನನಗ ಸಿಕ್ಕಿದ್ದ ಹಂಗ."

ಆ ಸಂಜೆ ಇಬ್ಬರೂ ಮನೆಮನೆಗೆ ಹೋದರು. ಪಕ್ಕದ ಮನೆಯ ರೇಣಮ್ಮ ಬೆರಳದ್ದಿ ಚಪ್ಪರಿಸಿ, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಛಲೋ ಐತಿ!" ಎಂದಳು. ಜೇನಿಗೆ ಹೇಳಿದಳೋ, ಜೋಡಿಗೋ!

ಪರಿಮಳಾಳ ಕೆನ್ನೆ ಬಿಸಿಯಾಯಿತು.

ಆದರೆ ಹದಿನೈದು ದಿನದಲ್ಲೇ ಎಲ್ಲಾ ಕೆಟ್ಟಿತು. ಆಫೀಸಿನಲ್ಲಿದ್ದ ಅವಳಿಗೆ ಯಾವನೋ ವ್ಯಾಪಾರಿಯಿಂದ ಫೋನು ಬಂತು. "ಶ್ರೀಮಂತ ನಂಬರ್ ಕೊಟ್ಟಾನ್ರಿ. ಜೇನು, ಪೆಟ್ಟಿಗಿ, ಏನಿದ್ರೂ ತಗೋತೀವಿ."

ಅಂದು ಸಂಜೆ ಅವಳು ಕಿಡಿಯಾದಳು. "ಯಾರನ್ನ ಕೇಳಿ ನಂಬರ್ ಕೊಟ್ರಿ? ನನ್ನ ಜೇನು ಮಾರಾಕಿಲ್ಲ ಅಂತ ಗೊತ್ತಿಲ್ಲೇನು?"

"ಜರಾ ಕೇಳ್ರಿ, ನಾ ಅಂದ್ಕೊಂಡಿದ್ದು..."

"ಬ್ಯಾಡ! ನೀವೂ ಲಾಭಕ್ಕ ಬಂದವರ!"

ಅವನ ಮುಖ ಕಪ್ಪಿಟ್ಟಿತು. ಗಾಡಿ ಹತ್ತಿ ಹೋಗಿಬಿಟ್ಟ. ಅವಳು ಆ ಸಿಟ್ಟಿನಲ್ಲೇ ಅವನ ನಂಬರ್ ಬ್ಲಾಕ್ ಮಾಡಿದಳು. ಆಮೇಲೆ ಅತ್ತಳು.

*

ಆ ಭಾನುವಾರ ಯಾದಗಿರಿಯಲ್ಲಿ ಅವಳಿಗೆ ಇಲಾಖೆಯ ಪರೀಕ್ಷೆ. ಹಿಂದಿನ ದಿನವೇ ಹೋಗಿ ಗೆಳತಿ ಅಂಜುಮ್ ಮನೆಯಲ್ಲಿ ಉಳಿದಿದ್ದಳು. ಪರೀಕ್ಷೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ಹಿತ್ತಲಿಗೆ ಕಾಲಿಟ್ಟವಳ ಎದೆ ಧಸಕ್ಕೆಂದಿತು.

ನಾಲ್ಕೂ ಪೆಟ್ಟಿಗೆ ಇಲ್ಲ!

"ಶ್ರೀಮಂತ ಬೆಳಕು ಹರಿಯೂ ಮೊದಲ ಬಂದಿದ್ನವ್ವ," ರೇಣಮ್ಮ ಗೋಡೆಯಾಚೆಯಿಂದ ಹೇಳಿದಳು. "ಮಾಳಿಗಿ ಮ್ಯಾಲಿಂದ ನೋಡ್ದೆ. ಗಾಡಿಗೆ ಹೇರ್ಕೊಂಡು ಹೋಗೇಬಿಟ್ಟ. ಕೂಗಿದ್ರೂ ಕೇಳ್ಲಿಲ್ಲ."

'ಆ ವ್ಯಾಪಾರಿಗೆ ಕೊಟ್ಟನಾ? ಅಯ್ಯೋ... ಇಂಥವನನ್ನಾ ನಾನು...'

ಫೋನಿನಲ್ಲಲ್ಲ, ಎದುರಿಗೇ ಕೇಳಬೇಕು! ಸುರಪುರದ ಬಸ್ಸು ಹಿಡಿದಳು. ಅಲ್ಲಿಂದ ಹುಣಸಗಿ ಬಸ್ಸು. ಅವನು ಇರುವುದು ಹುಣಸಗಿ ಹತ್ತಿರ, ಅವನು ಸಣ್ಣವ್ವ ಎನ್ನುವ ಚಿಕ್ಕಮ್ಮ ಕರೆಮ್ಮನ ಹೊಲದ ಗುಡಿಸಲಿನಲ್ಲಿ ಎಂಬುದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿದಳು. ಪ್ರತಿ ಬೈಗುಳಕ್ಕೂ ಕಣ್ಣು ತುಂಬುತ್ತಿತ್ತು.

ಕಾಲುವೆ ದಾಟಿದರೆ ಕಣ್ಣು ಹಾಯಿಸಿದಷ್ಟೂ ಹಳದಿ ಸೂರ್ಯಕಾಂತಿ. ಅದರ ಬದುವಿನಲ್ಲಿ, ಬೇವಿನ ನೆರಳಲ್ಲಿ... ಅವಳ ನಾಲ್ಕು ಪೆಟ್ಟಿಗೆಗಳು! ಹುಳಗಳು ಸಡಗರದಿಂದ ಹಾರಾಡುತ್ತಿದ್ದವು.

"ನೀನೇನವ್ವ ಆ ಜೇನಿನ ಹುಡುಗಿ?" ಕಳೆ ಕೀಳುತ್ತಿದ್ದ ಕರೆಮ್ಮ ಎದ್ದು ನಿಂತಳು. "ಛಲೋ ಆತು ಬಂದಿ. ನಿನ್ನ ಹುಳ ನಮ್ಮ ಹುಡುಗನ ಮಾರಿ ಏನ್ ಮಾಡ್ಯಾವ ನೋಡು!"

ಗುಡಿಸಲಿನಿಂದ ಶ್ರೀಮಂತ ಹೊರಬಂದ. ಮುಖದಲ್ಲಿ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ತುಟಿ, ಕೆನ್ನೆ ಪೂರಿಯಂತೆ ಊದಿದ್ದವು. ಅವಳು ಜೋಡಿಸಿ ತಂದ ಬೈಗುಳವೆಲ್ಲ ಮರೆತು ಅವನ ಹತ್ತಿರ ಓಡಿದಳು.

"ಏನಾತ್ರಿ ಇದು?!"

"ನಿಮ್ಮ ಹಿತ್ತಲ ಹಿಂದಿನ ಅಯ್ಯಣ್ಣನ ಹೊಲದಾಗ ತೊಗರಿ ಹೂ ಬಿಟ್ಟೈತಲ್ರಿ. ನಿನ್ನಿ ಸಂಜಿಗೆ ಎಣ್ಣಿ ಹೊಡೆಯೂ ಯಂತ್ರ ಹೇರಾಕ ನನ್ನ ಗಾಡಿನ ಕರದ. ಮುಂಜಾನಿ ಕೀಟನಾಶಕ ಹೊಡೀತೀನಿ ಅಂದ. ಹುಳ ಸಾಯ್ತಾವ, ಅವು ಗೂಡಿಗೆ ಮರಳಿದ ಮ್ಯಾಲ ಸಂಜಿಗೆ ಹೊಡಿ ಅಂತ ಕೈ ಮುಗದೆ. ಬಾಡಿಗಿ ಯಂತ್ರ, ಆಗಂಗಿಲ್ಲ ಅಂದ." ಅವನು ಫೋನು ಚಾಚಿದ. ಹನ್ನೊಂದು ಮೆಸೇಜು. ಒಂದೂ ಅವಳನ್ನು ಮುಟ್ಟಿರಲಿಲ್ಲ.

ಬ್ಲಾಕ್ ಮಾಡಿದವಳು ತಾನೇ!

"ಹತ್ತಿರ ಇಟ್ರ ಹಳೇ ಜಾಗಕ್ಕ ವಾಪಸ್ ಹಾರತಾವ ಅಂತ ನೀವ ಹೇಳಿದ್ರಿ. ಅದಕ್ಕ ಇಷ್ಟು ದೂರ ತಂದೆ. ಹಾರೂ ಮೊದಲ ಪೆಟ್ಟಿಗಿ ಬಾಗ್ಲಿಗೆ ಬಟ್ಟಿ ತುರುಕಿದ್ದೆ. ಒಂದು ಸಂದಿ ಉಳದುಬಿಟ್ಟಿತ್ತು." ಊದಿದ ತುಟಿಯಲ್ಲೇ ನಗಲು ನೋಡಿದ. "ಮೊದಲಿನ ಮೂರು ಪೆಟ್ಟಿಗಿ ಸುಮ್ನಿದ್ವು ರಿ. ಕಡದಿದ್ದು ಮಾತ್ರ ನಮ್ಮ ಗಾಡಿ ಜೇನು!"

ಪರಿಮಳಾ ಅಳುತ್ತಲೇ ನಕ್ಕಳು. "ನಾ ನಿಮ್ಮನ್ನ ಕಳ್ಳ ಅಂದ್ಕೊಂಡು ಬಂದೇನ್ರಿ... ಬೈಯಾಕ ಬಂದೇನಿ."

"ಬೈರಿ. ಕೇಳ್ತೀನಿ."

"ಆ ವ್ಯಾಪಾರಿಗೆ ನಂಬರ್ ಯಾಕ ಕೊಟ್ರಿ? ಖರೇ ಹೇಳ್ರಿ."

ಅವನು ನೆಲ ನೋಡಿದ. "ವ್ಯಾಪಾರ ಶುರು ಆದ್ರ ಬಾಟ್ಲಿ ಒಯ್ಯಾಕ, ತರಾಕ ಗಾಡಿ ಬೇಕಾಗ್ತದಲ್ರಿ. ದಿನಾ ನಿಮ್ಮ ಮನಿಗೆ ಬರಬೌದು ಅಂತ... ನೆಪ ಮುಗದು ಹೋಗಿದ್ವು ನನ್ನ ಹತ್ರ."

ಅವಳ ಎದೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು! ಇಷ್ಟೇನಾ? ಇದಕ್ಕಾಗಿಯೇ ಮೂರು ರಾತ್ರಿ ಅತ್ತೆನಾ?

"ನೆಪ ಯಾಕ ಬೇಕ್ರಿ? ಸುಮ್ನ ಬಂದ್ರ ಬ್ಯಾಡ ಅಂತಿದ್ದೆನಾ?"

ತೆರೆದಿದ್ದ ಅವನ ಒಂದೇ ಕಣ್ಣು ಹೊಳೆಯಿತು. ಕರೆಮ್ಮ ಚಾ ಇಡುವ ನೆವದಲ್ಲಿ ಗುಡಿಸಲೊಳಗೆ ಹೋದಳು. ಪರಿಮಳಾ ಸೆರಗಿನ ತುದಿಯನ್ನು ಕೊಡದ ನೀರಲ್ಲಿ ಅದ್ದಿ, ಅವನ ಕೆನ್ನೆಗೆ ಮೆಲ್ಲಗೆ ಒತ್ತಿದಳು.

"ಉರೀತದೇನು?"

"ಈಗಿಲ್ರಿ." ಅವನು ಉಸಿರು ಬಿಗಿಹಿಡಿದ. "ಪರಿಮಳಾ ಅವರ... ಮುಂದಿನ ವಾರ ಸಣ್ಣವ್ವನ್ನ ಕರ್ಕೊಂಡು ಸೈದಾಪುರಕ್ಕ ಹೋಗ್ಲೇನ್ರಿ? ನಿಮ್ಮವ್ವನ್ನ ಕೇಳಾಕ?"

"ಏನ್ ಕೇಳಾಕ?"

"ನಿಮ್ಮನ್ನ."

ಅವಳು ತಲೆ ತಗ್ಗಿಸಿದಳು. "ಮುಂದಿನ ವಾರ ಬ್ಯಾಡ್ರಿ."

ಅವನ ಕೈ ತಣ್ಣಗಾಯಿತು. "ಯಾಕ್ರಿ...?"

"ಈ ಬಾವು ಪೂರಾ ಇಳೀಲಿ," ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಳಿಯನ ಮಾರಿ ನಮ್ಮವ್ವ ಸರಿಯಾಗಿ ನೋಡಬ್ಯಾಡೇನು?"